ಅನುಭವ: ಇಲ್ಲ

ಶಿವಡಿ ಸ್ಟೇಷನ್ನಿನ ಮಗ್ಗುಲಲ್ಲಿ ಝೆರಾಕ್ಸ್ ಅಂಗಡಿ.
ಪುಟಕ್ಕೆ ಹತ್ತು ರೂಪಾಯಿ, ಟೈಪಿಂಗ್ ಬೇರೆ.
‘ಅನುಭವ?’ ತಲೆಯೆತ್ತದೆ ಕೇಳಿದ ಸಾಳಸಕರ್.
‘ಇಲ್ಲ.’
ಕರ್ಸರು ಮಿಣುಕುತ್ತ ಕಾಯಿತು.

‘ಮತ್ತೆ ಬೆರಳಲ್ಲಿ ಮೀನಿನ ವಾಸನೆ?’

ಭಾವುಚಾ ಧಕ್ಕೆ. ನಸುಕಿನ ನಾಲ್ಕು.
ಜಲಜಾ ಮಾಮಿ ಬಂಗುಡೆ ಹರಾಜು ಕೂಗುವಾಗ
ಐಸಿನ ಪೆಟ್ಟಿಗೆ ಮೇಲೆ ಕೂತು
ಒದ್ದೆ ನೋಟು ಎಣಿಸಿ, ಸಾಲಗಾರರ ಹೆಸರು ಬರೆದವಳು ನಾನು,
ಎಂಟನೇ ಕ್ಲಾಸಿನಿಂದ.
ಬೈಯಲು ತುಳು, ಚೌಕಾಸಿಗೆ ಮರಾಠಿ,
ಮಗ್ಗಿ ಮಾತ್ರ ಕನ್ನಡದಲ್ಲಿ.
‘ಅದು ಮನೆ ಕೆಲಸ. ಬರೆಯೋದಾ ಅದನ್ನ?’

ಅವ ಟೈಪು ಮಾಡಿದ: ನಗದು ಲೆಕ್ಕ, ಏಳು ವರ್ಷ.
ಓದಿದರೆ, ಯಾರೋ ನನಗಿಂತ ದೊಡ್ಡವಳು.

‘ನಿನ್ನ ಬಗ್ಗೆ ಹೇಳಬಲ್ಲವರು?’
ಮಾಮಿಯ ನಂಬರು ಕೊಟ್ಟೆ.
ಕಂಪನಿಯಿಂದ ಫೋನು ಹೋದರೆ
ಅವಳು ಮೊದಲು ಕೇಳುವುದು:
ಎಷ್ಟು ಬುಟ್ಟಿ?