ಮೂರನೇ ಕುರ್ಚಿ

ಯೋಎನ್ಸೂ ಪಟ್ಟಣದ ಹಿಮದಂಗಳ. ಬೆಳಗಿನ ಎಂಟೂಕಾಲು.
ಹೊರಗೆ ಮೈನಸ್ ಹತ್ತೊಂಬತ್ತು,
ಒಳಗೆ ಅದಕ್ಕಿಂತ ಕೊಂಚ ಕರುಣೆ.
ಮೊಣಕಾಲ ಮೇಲೆ ಕಂಬಳಿ, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು,
ಎದುರಿಗೆ ಬೆರಳು ಕಾಯುವ ಗಾಜಿನ ತೆರೆ.
ಇಪ್ಪತ್ತಾರು ವರ್ಷದಿಂದ
ಯಾವುದಾದರೊಂದು ಊರಿನ ಮೂರನೇ ಕುರ್ಚಿ ನನ್ನದು.

ಮೊದಲು ಇಳಿದವಳು ಇಂಕೇರಿ,
ಹಿಮ ಸವರುವ ಯಂತ್ರದ ಚಾಲಕನ ಮಗಳು.
ಅಪ್ಪ ಈಗಷ್ಟೇ ಅಂಗಳ ಒರೆಸಿ, ಕೈಗವಸು ಕಳಚಿ
ಬಾಗಿಲ ಸಂದಿಯಲ್ಲಿ ನಿಂತಿದ್ದಾನೆ.
ಜಿಗಿದಳು. ಎರಡೂವರೆ ಸುತ್ತು.
ಇಳಿದದ್ದು, ಬೆಕ್ಕು ಕಪಾಟಿನಿಂದ ಇಳಿದ ಹಾಗೆ.
ಪ್ಲಸ್ ಮೂರು ಒತ್ತಲು ಹೋದ ನನ್ನ ಬೆರಳು
ಪ್ಲಸ್ ಎರಡು ಒತ್ತಿತು.
ಇನ್ನೂ ಇಪ್ಪತ್ತಮೂರು ಮಂದಿ ಬರುವವರಿದ್ದಾರೆ,
ಜಾಗ ಉಳಿಸಬೇಡವೆ?
ಇನ್ನೂ ಬಾರದವರಿಗೆ ಸೀಟು ಹಿಡಿದಿಟ್ಟ ಹಾಗೆ.

ಕೊನೆಗೆ ಹೆಲ್ಸಿಂಕಿಯ ಯೊಸೆಫೀನಾ ಸ್ಟೆನ್‌ರೂಸ್.
ಅವಳಿಗಿಂತ ಮೊದಲು ಅವಳ ಹೆಸರು ಅಂಗಳಕ್ಕಿಳಿದು
ಒಂದು ಸುತ್ತು ಹಾಕಿ
ನಮ್ಮೆಲ್ಲರ ಕೈ ಕುಲುಕಿ ಹೋಯಿತು.
ಅದೇ ಜಿಗಿತ. ಇಳಿಯುವಾಗ ತುದಿ ತುಸು ಕೆರೆಯಿತು,
ಚಿಟಿಕೆ ಹಿಮ ಚಿಮ್ಮಿತು. ಕಂಡೆ.
ಚಿಮ್ಮಿದ್ದೂ ಚೆಂದವೇ ಅಂದಿತು ಕಣ್ಣು.
ಪ್ಲಸ್ ಮೂರು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.
ಬೆಣ್ಣೆಯೂ ಬಿಳಿ, ಸುಣ್ಣವೂ ಬಿಳಿ,
ಇಲ್ಲಿ ನೆಲವೂ ಬಿಳಿ.
ಹಚ್ಚುವ ಕೈಗೆ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ.
ಹಚ್ಚಿಸಿಕೊಂಡ ಕಣ್ಣಿಗೆ ತಿಳಿಯುತ್ತದೆ.

ಯಾರೂ ಫೋನು ಮಾಡಿರಲಿಲ್ಲ. ಯಾರೂ ಲಕೋಟೆ ಕೊಟ್ಟಿರಲಿಲ್ಲ.
ಕೊಟ್ಟಿದ್ದರೆ ಸುಲಭವಿತ್ತು, ಹಿಂದಿರುಗಿಸಬಹುದಿತ್ತು.

ನಾನು ಹುಡುಗಿಯಾಗಿದ್ದಾಗ
ಜಿಗಿತಕ್ಕಿಂತ ಮೊದಲು ಗೆರೆಯ ಪರೀಕ್ಷೆ.
ಎರಡು ಸೊನ್ನೆ ಒಂದಕ್ಕೊಂದು ತಾಗಿಸಿ
ಒಂಟಿಗಾಲಲ್ಲಿ ಬರೆಯಬೇಕು,
ಬರೆದದ್ದರ ಮೇಲೆ ಮತ್ತೆ, ಮತ್ತೆ,
ಮರಳಿನಲ್ಲಿ ಅಕ್ಷರ ತಿದ್ದಿದ ಹಾಗೆ.
ತೀರ್ಪುಗಾರ ಮುದುಕ ವಾಲ್ಫ್ರಿಡ್
ಮಂಡಿಯೂರಿ, ಮೂಗು ಹಿಮಕ್ಕೆ ತಾಗುವಷ್ಟು ಬಗ್ಗಿ
ಒಂದು ಕಡೆ ಬೆರಳಿಟ್ಟ:
"ಇಲ್ಲಿ ನೋಡು ಹುಡುಗಿ, ಇಲ್ಲಿ ನೀನು ಹೆದರಿದೆ."
ಹೆದರಿದ್ದೆ. ಗೆರೆ ಮರೆತಿರಲಿಲ್ಲ.

ಅವನೇನು ಧರ್ಮರಾಯನಲ್ಲ.
ತನ್ನ ಕ್ಲಬ್ಬಿನ ಹುಡುಗಿಯ ಗೆರೆ ಸೊಟ್ಟಗಾದಾಗೆಲ್ಲ
ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದ.
ಆದರೆ ಗೆರೆ ಅಲ್ಲಿರುತ್ತಿತ್ತು,
ಬೇಕಾದವರು ಬಗ್ಗಿ ನೋಡಬಹುದಿತ್ತು.
ಈಗ ಜಿಗಿತಕ್ಕೆ ಅರೆಗಳಿಗೆಯ ಆಯುಸ್ಸು.
ತೆರೆ ಅದನ್ನು ಮೂರು ಸಲ ನಿಧಾನವಾಗಿ ತೋರಿಸುತ್ತದೆ,
ನಾನು ಮೂರು ಸಲವೂ
ಮೊದಲೇ ನಂಬಿದ್ದನ್ನು ನೋಡುತ್ತೇನೆ.

ಇಂಕೇರಿ ನಾಲ್ಕನೆಯವಳು. ಕಡಿಮೆಯಾದದ್ದು ಸೊನ್ನೆ ಬಿಂದು ಮೂರು ಒಂದು.
ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ
ಲೆಕ್ಕದ ಯಂತ್ರ ಆರಿಸಿ ಬಿಸಾಡುತ್ತದೆ.
ನನ್ನದನ್ನು ಬಿಸಾಡಲಿಲ್ಲ,
ನಡುವೆ ಕೂತಿತ್ತು, ಮದುವೆಮನೆಯ ಹಿರಿಯರ ಹಾಗೆ.
ಎರಡನೇ ಕುರ್ಚಿಯದೂ ಅದೇ ಅಂಕ, ಐದನೆಯದೂ ಅದೇ.
ಮುಖ್ಯ ತೀರ್ಪುಗಾರ್ತಿ ಭುಜ ತಟ್ಟಿದಳು:
"ಎಷ್ಟು ಹೊಂದಾಣಿಕೆ ಐರಾ, ಎಲ್ಲರದೂ ಒಂದೇ ನೋಟ!"

ಎಲ್ಲರೂ ಹೋದ ಮೇಲೆ ಬೂಟು ಮೆಟ್ಟಿ ಅಂಗಳಕ್ಕಿಳಿದೆ.
ಮಂಡಿ ಈಗ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.
ಸ್ಟೆನ್‌ರೂಸ್ ಕೆರೆದ ಜಾಗ ಸಿಕ್ಕಿತು, ಉಗುರು ಹೂಳುವಷ್ಟು ಆಳ.
ಇಂಕೇರಿಯದು?
ಹತ್ತೂವರೆಗೇ ಅವಳಪ್ಪನೇ ಒರೆಸಿಬಿಟ್ಟಿದ್ದ,
ಎಲ್ಲರ ಗೆರೆ ಒರೆಸಿದ ಹಾಗೆ,
ಅಷ್ಟೇ ನೀರು, ಅಷ್ಟೇ ವೇಗ.

ಯಂತ್ರ ಗುರುಗುಡುತ್ತ ಬಂದು ಪಕ್ಕದಲ್ಲಿ ನಿಂತಿತು.
"ಏನಾದರೂ ಬಿತ್ತಾ ಮೇಡಂ?"
ಹೌದೆಂದೆ.
"ನಿಧಾನವಾಗಿ ಹುಡುಕಿ. ನಾಲ್ಕಕ್ಕೆ ಹಾಕಿ ಹುಡುಗರು ಬರ್ತಾರೆ,
ಅಲ್ಲಿಯ ತನಕ ಕಾಯ್ತೀನಿ."