ಹನ್ನೆರಡು ದಿನದ ಇಳಿತ

ಶಾಂತಿಸಾಗರ ಅಂತ ಬೋರ್ಡು ಬರೆದವರು
ಸಾಗರ ನೋಡಿರಲಿಕ್ಕಿಲ್ಲ.
ನಮಗಿದು ಸೂಳೆಕೆರೆ. ಎರಡು ಗುಡ್ಡದ ನಡುವೆ ಏರಿ,
ಏರಿಯ ಮಗ್ಗುಲಿಗೆ ನನ್ನ ಹರಿಗೋಲು,
ತಳಕ್ಕೆ ಹೋದ ವರ್ಷ ಬಳಿದ ಡಾಂಬರು.
ತಲೆಗೆ ಮುನ್ನೂರು ರೂಪಾಯಿ. ಗಾಳ ನಿಮ್ಮದು,
ಎರೆ ನನ್ನದು. ಮೀನು ಸಿಗದಿದ್ದರೆ
ಚಾ ನನ್ನದು.

ಶೀನ ಮೊಗವೀರರು ಬಂದದ್ದು ಒಂದು ಬುಧವಾರ,
ಚನ್ನಗಿರಿ ಬಸ್ಸಿಳಿದು, ಎಡಗೈಯನ್ನು
ಮಲಗಿದ ಕೂಸಿನಂತೆ ಎದೆಗಾನಿಸಿಕೊಂಡು.
ಗಂಗೊಳ್ಳಿಯ ಅಳಿವೆಯಲ್ಲಿ ಇಪ್ಪತ್ತಾರು ವರ್ಷ
ಅವರದೂ ಇದೇ ಕಸುಬಂತೆ:
ದೊಡ್ಡ ಟೋಪಿಯವರನ್ನು, ಕಪ್ಪು ಕನ್ನಡಕದವರನ್ನು
ದೋಣಿ ಹತ್ತಿಸಿ, ಬಂಡೆಸಾಲಿನ ಹತ್ತಿರ
ಎಂಜಿನ್ ಆರಿಸಿ, ಬೆರಳು ಮಾಡಿ ತೋರಿಸುವುದು:
‘ಅಲ್ಲಿ ಹಾಕಿ. ಅಲ್ಲಲ್ಲ. ನೊರೆ ಒಡೆಯುವಲ್ಲಿ.’
ಕೆಂಬೇರಿ ಸಿಕ್ಕರೆ ಫೋಟೋ ಟೋಪಿಯವರದ್ದು.
ತಾನು ಗಾಳ ಹಿಡಿದು ಸುಮ್ಮನೆ ಕೂತದ್ದೇ ಇಲ್ಲ, ಅಂದರು.

ಈಗ ದಾವಣಗೆರೆಯಲ್ಲಿ ಮಗಳ ಮನೆ.
ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರ
ಮೈಯ ರಕ್ತವನ್ನೆಲ್ಲ ಹೊರಗೆ ಕರೆದು, ತೊಳೆದು,
ಒಳಗೆ ಕಳಿಸುತ್ತದೆ.
ಉಪ್ಪು ಕೂಡದು. ನೀರು ದಿನಕ್ಕೊಂದು ಲೀಟರು,
ಮಾತ್ರೆ ನುಂಗುವ ಗುಟುಕೂ ಲೆಕ್ಕಕ್ಕೆ.
ಮಗಳು ಬಾಟಲಿಗೆ ಗೆರೆ ಹಾಕಿದ್ದಾಳೆ.

ಕೆರೆಯ ನಟ್ಟನಡುವೆ ಬೆರಳದ್ದಿ
ನಾಲಗೆ ತುದಿಗೆ ಮುಟ್ಟಿಸಿ ಉಗಿದರು.
‘ಸಪ್ಪೆ’ ಅಂದರು, ‘ನನ್ನ ಗಂಜಿಯ ಹಾಂಗೆ.
ಹೆಸ್ರು ಮಾತ್ರ ಸಾಗರ.’
ಆಮೇಲೆ, ತುಂಬ ಗಂಭೀರವಾಗಿ,
‘ಇಳ್ತ ಎಷ್ಟೊತ್ತಿಗೆ?’

ನಕ್ಕುಬಿಟ್ಟೆ. ಹುಟ್ಟು ಕೈಜಾರಿತು.
ಇಳಿತ ಎಲ್ಲಿಂದ ತರೋಣ ಯಜಮಾನ್ರೆ,
ಚಂದ್ರ ಈ ಕೆರೆಗೆ ಬರೋದು ಮುಖ ನೋಡ್ಕಳ್ಳಾಕೆ ಅಷ್ಟೇ.
ಇಲ್ಲೇನಿದ್ರೂ ನೀರಾವರಿ ಇಲಾಖೆ.
ಸಿದ್ಧನ ನಾಲೆ ತೂಬು ಎತ್ತಿದ್ರೆ ಇಳೀತದೆ,
ಎತ್ತದಿದ್ರೆ ಇಲ್ಲ.

ಅವರು ನಗಲಿಲ್ಲ. ತೂಬು ಯಾವ ದಿಕ್ಕಿಗೆ ಕೇಳಿದರು.
ಗಾಳಿಗೆ ಕೆನ್ನೆ ಕೊಟ್ಟರು. ನೀರುಕಾಗೆ
ಎಲ್ಲಿ ಮುಳುಗಿ ಎಲ್ಲಿ ಎದ್ದಿತೆಂದು ಎಣಿಸಿದರು.
ಕೊನೆಗೆ ಬೆರಳು ಚಾಚಿ, ಹಳೆಯ ಗತ್ತಿನಲ್ಲಿ,
‘ಅಲ್ಲಿ.’
ಅಲ್ಲಿರುವುದು ಮುಳುಗಿದ ಜಾಲಿಮರ,
ನಮ್ಮಪ್ಪನ ಮೂರು ಬಲೆ ತಿಂದದ್ದು.
ಆದರೂ ಒಯ್ದೆ. ಒಂದು ತಾಸು.
ಅವರ ಎರಡು ಗಾಳವನ್ನೂ ತಿಂದಿತು ಜಾಲಿ.

‘ಈಗ ನಿಮ್ಮ ಜಾಗ ತೋರ್ಸಿ’ ಅಂದರು.

ಜೊಂಡಿನ ಅಂಚು, ಎಮ್ಮೆ ಇಳಿಯುವ ಕೆಸರು,
ಅಲ್ಲಿ ಎಳೆಯಿತು ನೋಡಿ ಕುಚ್ಚುಮೀನು,
ಕೋಲು ಬಿಲ್ಲಾಗಿ.
ಎಡಗೈಗೆ ಭಾರ ಕೂಡದು. ಕೋಲಿಗೆ ಅವರ ಬಲಗೈ,
ರೀಲಿಗೆ ನನ್ನ ಕೈ.
‘ಸಡ್ಲ ಬಿಡಿ!’ ‘ಬಿಡಬ್ಯಾಡ್ರೀ!’
ಎರಡು ಕನ್ನಡದಲ್ಲಿ ಬೈದುಕೊಳ್ಳುತ್ತ
ಒಂದೇ ಮೀನನ್ನು ಮೇಲೆ ತಂದೆವು.

ಬುಟ್ಟಿಯಲ್ಲಿ ಅದು ಬಡಿದುಕೊಳ್ಳುವಾಗ
ಎಡ ಮಣಿಕಟ್ಟು ಮುಂದೆ ಹಿಡಿದರು: ‘ಮುಟ್ಟಿ ಕಾಣಿ.’
ಚರ್ಮದ ಕೆಳಗೆ ಗುಂಯ್‌ಗುಡುತ್ತಿತ್ತು.
ಆಳದಲ್ಲೆಲ್ಲೋ ಮೀನು ಎರೆ ಮೂಸುವಾಗ
ದಾರದಗುಂಟ ಬೆರಳಿಗೆ ಬರುವ ನಡುಕ, ಹಂಗೇ.
‘ನರಕ್ಕೆ ನರ ಹೊಲಿದದ್ದ್. ಹಗ್ಲೂ ರಾತ್ರೀ ಹೀಂಗೇ.
ನಿಂತ್ರೆ ಕೂಡ್ಲೆ ಓಡಿ ಬನ್ನಿ ಅಂದಿದ್ರ್ ಡಾಕ್ಟ್ರು.’
ಬೆರಳು ತೆಗೆಯಲು ಮನಸ್ಸಾಗಲಿಲ್ಲ.
ಎಳೆತ ಸಿಕ್ಕ ಮೇಲೆ ದಾರ ಬಿಡಬಾರದಲ್ಲ.

ನಿನ್ನೆ ತೂಬು ಎತ್ತಿದರು. ಫೋನು ಮಾಡಿದೆ:
‘ಇಳಿತ ಸುರುವಾತು ಯಜಮಾನ್ರೆ, ಬರ್ರಿ.’
ಆ ಕಡೆ ಯಂತ್ರದ ಸದ್ದು, ಯಾರೋ ನರ್ಸಿನ ಚಪ್ಪಲಿ.
‘ಇವತ್ತ್ ನನ್ ಪಾಳಿ ಮಾರಾಯ್ರೆ. ನಾಳಿಗೂ ಇರತ್ತಾ?’
‘ಹನ್ನೆರಡು ದಿನ ಐತ್ರಿ. ನೋಟೀಸು ಹಚ್ಯಾರೆ.’

ಸ್ವಲ್ಪ ಹೊತ್ತು ಯಂತ್ರವೊಂದೇ ಮಾತಾಡಿತು.
‘ಹನ್ನೆರಡು ದಿನದ ಇಳ್ತ’ ಅಂದರು,
‘ಕಡಲಿಗೇ ಇಲ್ಲ ಅಂಥದ್ದ್.
ಎರೆ ತೆಗ್ದಿಡಿ.’