ರಾಣಿಯ ಮುಖಕ್ಕೆ ಅಳತೆ

ಅಥೆನ್ಸಿನ ಕುಂಬಾರಗೇರಿ, ಚಳಿಗಾಲದ ಕೊನೆ.
ನಾರುಬಟ್ಟೆಯ ಚಿಂದಿ ಅಂಟಿನಲ್ಲಿ ನೆನೆದು
ಮನೆಯೆಲ್ಲ ಸತ್ತ ಎತ್ತಿನ ಗೊರಸಿನ ವಾಸನೆ.
ಇವನು ಕೇಳಿದ: ಸ್ವಲ್ಪ ಇಲ್ಲಿ ನೋಡು,
ಗಂಡಸನ್ನು ಮಂಡಿಯೂರಿಸುವಾಗ
ಹೆಂಗಸಿನ ಹುಬ್ಬು ಎಲ್ಲಿರುತ್ತದೆ?

ನಾನು ಮಸೂರ ಆರಿಸುತ್ತಿದ್ದೆ.
ಕಲ್ಲೊಂದು ಸಿಕ್ಕಿತು, ಎಸೆದು ತಲೆಯೆತ್ತಿದೆ, ಅಷ್ಟೆ.
ಹಾಗೇ ಇರು, ಎಂದ.
ಅವನ ಬೆರಳು ಯಾಕೋ ನಡುಗಿತು.

ಯಾರೋ ಕವಿ ಬರೆದ ರಾಣಿಯಂತೆ.
ಅವಳ ಹೆಗಲ ಬಟ್ಟೆ ಜಾರಿದರೆ
ಹಡಗುಗಳೇ ದಾರಿ ತಪ್ಪುತ್ತವಂತೆ.
ಹಾಸಿಗೆಯಲ್ಲಿ ಅವಳು ಕೇಳಿದ್ದಕ್ಕೆ ಅರಸ ಹೂಂ ಎಂದನಂತೆ,
ಬೆಳಗಾಗುವಷ್ಟರಲ್ಲಿ ಊರು ಬೂದಿ.
ಅರಸನದೇನು ತಪ್ಪು ಪಾಪ, ಕೊಳ್ಳಿ ಅವನ ಕೈಯಲ್ಲಿತ್ತು, ಅಷ್ಟೆ!

ನನಗೆ ನಗು.
ನಾನು ಹಾಸಿಗೆಯಲ್ಲಿ ಕೇಳಿದ್ದು ಬಾವಿಗೊಂದು ಹಗ್ಗ.
ಮೂರು ವರ್ಷವಾಯಿತು.

ರಾಣಿಯಾಗುವವನು ಫ್ರಿನೋನ್,
ಗಡ್ಡ ಹೆರೆದ ಕೆನ್ನೆ, ಬಾಯ್ತುಂಬ ಈರುಳ್ಳಿ.
ನಡಿಗೆ ಕಲಿಯಲು ನನ್ನ ಹಿಂದೆ ಹಿಂದೆ ಬಂದ,
ಸೊಂಟ ನೋಡಿ, ಸೊಂಟ, ಎಂದು ಇವನಿಗೆ ತೋರಿಸಿದ.
ಅಯ್ಯಾ, ಅದು ಮೋಹವಲ್ಲ, ತುಂಬಿದ ಕೊಡ.
ಕಲ್ಲು ಜಾರುತ್ತದೆ, ನೀರು ಚೆಲ್ಲಬಾರದಲ್ಲ.

ಹಬ್ಬದ ದಿನ ಮೆಲಿತಾಳೂ ನಾನೂ ಮಾಳಿಗೆ ಹತ್ತಿ ಕೂತೆವು.
ಗುಡ್ಡದ ತುಂಬ ಗಂಡಸರು, ಸಂತೆಯ ಗಲಾಟೆ.
ಒಮ್ಮೆಲೇ ನಿಂತಿತು.
ನಿನ್ನ ಮುಖ ಒಳಬಂತು, ಎಂದಳು ಮೆಲಿತಾ.
ಅಷ್ಟು ದೂರದಿಂದ ಮೌನವೂ ಕೇಳಿಸುತ್ತದೆ.

ಆ ರಾತ್ರಿ ಮೂಗು ಮುಕ್ಕಾಗಿ ಮನೆಗೆ ಬಂದಳು ರಾಣಿ.
ಇವನು ಕುಡಿದು ಮಲಗಿದ್ದ. ದೀಪ ಹಚ್ಚಿ ಹಾಕಿಕೊಂಡೆ.
ಒಳಗೆ ಫ್ರಿನೋನನ ಬೆವರು, ಒಣಗಿದ ಎಂಜಲು.
ನನ್ನದೇ ಮುಖ, ನನಗೇ ಎರಡು ಬೆರಳು ದೊಡ್ಡದು.
ಕಣ್ಣಿನ ತೂತಿನಿಂದ ಜಗತ್ತು ಇಷ್ಟೇ ಕಾಣುತ್ತದೆ:
ಒಬ್ಬ ಗಂಡಸು ಹಿಡಿಯುವಷ್ಟು.
ಊರು ಸುಡುವುದಲ್ಲದೆ ಅವಳಿಗೆ
ಆ ಹಾಸಿಗೆಯಲ್ಲಿ ಇನ್ನೇನು ಬೇಕಿತ್ತೋ,
ಕವಿ ಆ ಸಾಲು ಬರೆದಿರಲಿಲ್ಲ.

ಎಚ್ಚೆತ್ತ. ಯಾರು? ಎಂದ, ಎದ್ದು ಕೂತು,
ಕಂಬಳಿಯನ್ನು ಎದೆಗವುಚಿಕೊಂಡು.
ಹಗ್ಗ, ಎಂದೆ.
ಆಮೇಲೆ ಇನ್ನೊಂದು ಕೇಳಿದೆ.
ಅದನ್ನು ಕವಿಗೆ ಹೇಳುವುದಿಲ್ಲ.

ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಹೊಸ ಹಗ್ಗ,
ಅಂಗೈ ಗೀರುವಷ್ಟು ಹೊಸದು.
ಇವನು ನನ್ನತ್ತ ನೋಡದೆ
ರಾಣಿಯ ಮೂಗಿಗೆ ಸುಣ್ಣ ಮೆತ್ತುತ್ತಿದ್ದ.
ನಾನು ಮಸೂರ ಆರಿಸಲು ಕೂತೆ.
ಹುಬ್ಬು ಮಾತ್ರ ಇಳಿಸಲಿಲ್ಲ.